ಕಲ್ಲಿನ ನಾರು, ಕೆಂಪು ಧೂಳು

ಹೋದ ಸಲ ಯುಗಾದಿಗೆ ಊರಿಗೆ ಹೋದಾಗ ಅಪ್ಪ ಪಡಸಾಲೆಯ ಶೀಟು ತೆಗೆಸೋ ಕಾರ್ಯಕ್ರಮ ಇಟ್ಟುಕೊಂಡಿದ್ದರು. ನಮ್ಮೂರು ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗೋ ರಸ್ತೆಯಲ್ಲಿ ಪಾಪಿನಾಯಕನಹಳ್ಳಿ ದಾಟಿ ಒಳಗೆ. ಹನ್ನೆರಡು ಶೀಟು, 1994ರಲ್ಲಿ ಹಾಕಿಸಿದ್ದು. ಆಗ ನನಗೆ ಆರು ವರ್ಷ. ಟ್ರ್ಯಾಕ್ಟರಿನಲ್ಲಿ ಶೀಟು ಬಂದ ದಿನ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದು ನೆನಪಿದೆ.

ಗೌಂಡಿ ಬೆಳಗ್ಗೆ ಎಂಟಕ್ಕೇ ಬಂದ. ಒಂದು ಶೀಟಿನ ಅಂಚು ಗೋಡೆಯೊಳಗೆ ಸಿಕ್ಕಿಕೊಂಡಿತ್ತು. ಕಟಿಂಗ್ ಮಷಿನ್ ಹಚ್ಚಿ ಕೊಯ್ಯೋಕೆ ಶುರು ಮಾಡಿದ. ಕ್ಷಣದಲ್ಲಿ ಬೂದಿ ಬಣ್ಣದ ಮೋಡ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ರೊಟ್ಟಿ ಬಡಿಯುತ್ತಲೇ ಇದ್ದಳು. ನಾನು ಹಲ್ಲುಜ್ಜೋ ಬ್ರಷ್ ಬಾಯಲ್ಲಿಟ್ಟುಕೊಂಡೇ "ನಿಲ್ಸು, ನಿಲ್ಸು" ಅಂತ ಕೂಗಿದೆ.

"ಯಾಕಣ್ಣ, ಕರೆಂಟ್ ಹೊಡೀತಾ?" ಅಂದ ಗೌಂಡಿ.

"ಇದು ಆಸ್ಬೆಸ್ಟಾಸ್."

"ಗೊತ್ತಲ್ಲಣ್ಣ. ಸಿಮೆಂಟ್ ಶೀಟು."

ಆ "ಗೊತ್ತಲ್ಲ" ಮತ್ತು "ಸಿಮೆಂಟ್ ಶೀಟು" ನಡುವೆ ನೂರು ವರ್ಷದ ಚರಿತ್ರೆ ಇದೆ. ಅವತ್ತು ಅವನಿಗೆ ಹೇಳೋಕೆ ನನಗೆ ಬರಲಿಲ್ಲ. ಅಪ್ಪನೂ "ಮೂವತ್ತು ವರ್ಷ ಅದರ ಕೆಳಗ ಮಲಗೀವಿ, ಏನಾಗೇತಿ?" ಅಂದರು. ಬೆಂಗಳೂರಿಗೆ ವಾಪಸು ಬಂದ ಮೇಲೆ ಒಂದಷ್ಟು ಓದಿದೆ. ಆಫೀಸಿನ ಕೆಲಸ ಬಿಟ್ಟು ಓದಿದೆ ಅಂತ ಮ್ಯಾನೇಜರಿಗೆ ಹೇಳಬೇಡಿ.

ಮೊದಲು ಶೀಟು ನಮ್ಮ ತಲೆ ಮೇಲೆ ಬಂದದ್ದು ಹೇಗೆ ಅನ್ನೋದು. ಅದಕ್ಕೂ ಮುಂಚೆ ನಮ್ಮ ಕಡೆ ಎಲ್ಲ ಮಣ್ಣಿನ ಮಾಳಿಗೆ. ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ದಪ್ಪ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಹರಡಬೇಕು. ಹರಡೋದು ಮರೆತರೆ ಮಳೆಯಲ್ಲಿ ಪಾತ್ರೆ ಇಟ್ಟುಕೊಂಡು ರಾತ್ರಿಯೆಲ್ಲ ಕೂರಬೇಕು. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಜೋಕಿದೆ. ಆ ಎರಡೂ ಕಾಲಕ್ಕೆ ಮಣ್ಣಿನ ಮಾಳಿಗೆಯಂಥ ತಂಪು ಇನ್ನೊಂದಿಲ್ಲ. ಆದರೆ ಅಷ್ಟು ದುಡಿಮೆ ಮಾಡೋರು ಯಾರು? ಶೀಟು ಅಗ್ಗ, ಎರಡು ದಿನದ ಕೆಲಸ, ಸೋರಲ್ಲ, ಗೆದ್ದಲು ಹಿಡಿಯಲ್ಲ, ಸುಡಲ್ಲ. ಏಪ್ರಿಲ್‌ನಲ್ಲಿ ಅದರ ಕೆಳಗೆ ಕೂತರೆ ನಾವೇ ಸುಡುತ್ತಿದ್ದೆವು, ಅದು ಬೇರೆ ಮಾತು. ಬಡವರಿಗೆ ಶೀಟು ಮೋಸವಾಗಿ ಬರಲಿಲ್ಲ, ಅನುಕೂಲವಾಗಿಯೇ ಬಂತು. ಇದನ್ನು ಮರೆತು ಶೀಟಿಗೆ ಬೈದರೆ ಅದು ಬೆಂಗಳೂರಿನ ಫ್ಲಾಟಿನಲ್ಲಿ ಕೂತವನ ಬೈಗುಳ ಆಗುತ್ತೆ.

ಕನ್ನಡದಲ್ಲಿ ಆಸ್ಬೆಸ್ಟಾಸ್‌ಗೆ ಕಲ್ನಾರು ಅಂತ ಚೆಂದದ ಹೆಸರಿದೆ. ಹೆಸರೇ ಎಲ್ಲ ಹೇಳುತ್ತೆ: ಕಲ್ಲು, ಆದರೆ ನಾರು. ಹತ್ತಿಯ ಹಾಗೆ ಹಿಂಜಬಹುದು, ನೂಲಬಹುದು, ನೇಯಬಹುದು. ಬೆಂಕಿಗೆ ಜಗ್ಗಲ್ಲ. ಗ್ರೀಕ್ ಮೂಲದ ಹೆಸರಿನ ಅರ್ಥವೂ ಆರದ್ದು, ನಂದದ್ದು ಅಂತಲೇ. ನಮ್ಮೂರಲ್ಲಿ ಈ ಕನ್ನಡ ಹೆಸರನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ಬಳಸಿದ್ದಿದ್ದರೆ ಗೌಂಡಿಗೆ ಸ್ವಲ್ಪ ಅನುಮಾನವಾದರೂ ಬರುತ್ತಿತ್ತೋ ಏನೋ. "ಸಿಮೆಂಟ್ ಶೀಟು" ಅಂದಾಗ ಒಳಗಿನ ನಾರು ಹೆಸರಲ್ಲೇ ಮಾಯ.

ಈ ನಾರನ್ನು ಸಿಮೆಂಟಿಗೆ ಸೇರಿಸಿದವನು ಆಸ್ಟ್ರಿಯಾದ ಲುಡ್‌ವಿಗ್ ಹಾಟ್‌ಶೆಕ್. 1900ರ ಹೊತ್ತಿಗೆ ಕಾಗದ ಮಾಡೋ ಯಂತ್ರದ ಮಾದರಿಯಲ್ಲೇ ಸಿಮೆಂಟು, ನೀರು ಮತ್ತು ಕಲ್ನಾರಿನ ಗಂಜಿಯನ್ನು ತೆಳ್ಳಗೆ ಹಾಳೆ ಎಳೆಯೋ ವಿಧಾನ ಕಂಡುಹಿಡಿದ. ಅದಕ್ಕೆ ಎಟರ್ನಿಟ್ ಅಂತ ಹೆಸರಿಟ್ಟ. ಶಾಶ್ವತ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ. ಶೀಟಿನಲ್ಲಿ ಕಲ್ನಾರು ಇರೋದು ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು, ಉಳಿದದ್ದು ಸಿಮೆಂಟೇ. ಆ ಹತ್ತರಷ್ಟು ನಾರು ಇಲ್ಲದಿದ್ದರೆ ಅಷ್ಟು ತೆಳು ಹಾಳೆ ಒಂದು ಕೋತಿ ಹಾರಿದರೂ ಮುರಿಯುತ್ತೆ.

ಅದೇ ಹೊತ್ತಿಗೆ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ಕಲ್ನಾರನ್ನು ನೂಲುತ್ತಿದ್ದರು. ನೆಲ್ಲಿ ಕರ್ಷಾ ಅನ್ನೋ ಹೆಣ್ಣುಮಗಳು ಹನ್ನೆರಡನೇ ವಯಸ್ಸಿಗೇ ಕಲ್ನಾರು ಗಿರಣಿ ಸೇರಿದಳು. ಮುಂದೆ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ನೂಲೋ ಕೆಲಸ. ಮೂವತ್ತರ ಆಸುಪಾಸಿನಲ್ಲಿ ಉಸಿರಾಟ ಕಷ್ಟವಾಯಿತು, ಕೆಲಸ ಬಿಟ್ಟಳು. 1924ರ ಮಾರ್ಚ್‌ನಲ್ಲಿ 33ನೇ ವಯಸ್ಸಿಗೆ ಸತ್ತಳು. ಪರಿಹಾರ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅನ್ನೋ ಲೆಕ್ಕದಲ್ಲಿ ಕಂಪನಿ ಅಂತ್ಯಕ್ರಿಯೆಯ ಖರ್ಚನ್ನೂ ಕೊಡಲಿಲ್ಲ. ಗುರುತಿನ ಕಲ್ಲೂ ಇಲ್ಲದ ಗೋರಿಯಲ್ಲಿ ಹೂಳಿದರು. ಆದರೆ ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಡಾಕ್ಟರ್ ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ: ಒಳಗೆ ಗಾಯದ ಕಲೆ, ಕಲೆಯ ನಡುವೆ ಕಲ್ಲಿನ ಚೂರುಗಳು. ಮುಂದೆ ಆ ರೋಗಕ್ಕೆ ಆಸ್ಬೆಸ್ಟೋಸಿಸ್ ಅಂತ ಹೆಸರಾಯಿತು.

ಒಳಗೆ ಆಗೋದು ಇಷ್ಟು. ಉಸಿರಿನ ಜೊತೆ ಹೋದ ದಪ್ಪ ಧೂಳು ಮೂಗು, ಗಂಟಲಲ್ಲೇ ನಿಲ್ಲುತ್ತೆ, ಕಫದಲ್ಲಿ ಹೊರಗೆ ಬರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣದು ಮಾತ್ರ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತೆ. ಅಲ್ಲಿ ಕಾವಲು ಕಾಯೋ ಜೀವಕೋಶಗಳು ಬಂದದ್ದನ್ನು ನುಂಗಿ ಅರಗಿಸೋ ಕೆಲಸ ಮಾಡುತ್ತವೆ. ಕಲ್ನಾರು ಆ ಕೋಶಕ್ಕಿಂತ ಉದ್ದ ಇರಬಹುದು, ಪೂರ್ತಿ ನುಂಗೋಕೆ ಆಗಲ್ಲ, ಅರಗಲ್ಲ. ಕೋಶ ಸಾಯುತ್ತೆ, ಸಾಯುವಾಗ ಒಳಗಿನ ರಸಾಯನಗಳನ್ನು ಚೆಲ್ಲುತ್ತೆ, ಆ ಜಾಗ ಉರಿದು ಗಟ್ಟಿ ಕಲೆಯಾಗುತ್ತೆ. ಮತ್ತೊಂದು ಕೋಶ ಬರುತ್ತೆ, ಅದೂ ಸಾಯುತ್ತೆ. ಧೂಳಿನ ಕೆಲಸ ಬಿಟ್ಟ ಮೇಲೂ ಇದು ನಡೀತಾನೇ ಇರುತ್ತೆ. ಸ್ಪಂಜಿನ ಹಾಗಿರಬೇಕಾದ ಶ್ವಾಸಕೋಶ ಹಳೇ ಚಪ್ಪಲಿಯ ಹಾಗೆ ಬಿರುಸಾಗುತ್ತೆ. ಕ್ಯಾನ್ಸರ್ ಇದಕ್ಕೆ ಮೇಲೆ, ಜೊತೆಗೆ ಬೀಡಿ ಸಿಗರೇಟಿದ್ದರೆ ಇನ್ನೂ ಹೆಚ್ಚು. ಇದಕ್ಕೆಲ್ಲ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಇವತ್ತಿನ ರಿಲೀಸಿನಲ್ಲಿ ಹೋದ ಬಗ್ಗು ಮೂವತ್ತು ವರ್ಷ ಆದ ಮೇಲೆ ಸರ್ವರ್ ಕೆಡವುತ್ತೆ. ಅಷ್ಟರಲ್ಲಿ ಕೋಡ್ ಬರೆದವನು ಕಂಪನಿ ಬಿಟ್ಟಿರುತ್ತಾನೆ, ಲಾಗ್ ಅಳಿಸಿಹೋಗಿರುತ್ತೆ.

ಬ್ರಿಟಿಷ್ ಸರಕಾರ 1928ರಲ್ಲಿ ತನಿಖೆ ಮಾಡಿಸಿತು. ಪರೀಕ್ಷೆ ಮಾಡಿದ 363 ಕಾರ್ಮಿಕರಲ್ಲಿ 95 ಜನರ ಶ್ವಾಸಕೋಶದಲ್ಲಿ ಸ್ಪಷ್ಟವಾಗಿ ಕಲೆ. 1930ರಲ್ಲಿ ವರದಿ, 1931ರಲ್ಲಿ ನಿಯಮ. ಮೂರೇ ವರ್ಷಕ್ಕೆ, 1934ರಲ್ಲಿ, ಅದೇ ರಾಚ್‌ಡೇಲಿನ ಕಂಪನಿ ಬೆಳೆದು ಆಗಿದ್ದ ಟರ್ನರ್ ಅಂಡ್ ನೆವಾಲ್‌ನ ಪಾಲಿನೊಂದಿಗೆ ಭಾರತದಲ್ಲಿ ಆಸ್ಬೆಸ್ಟಾಸ್ ಸಿಮೆಂಟ್ ಕಂಪನಿ ಶುರುವಾಯಿತು. ಮುಂದೆ ಕೈಮೋರ್, ಮುಳುಂದ್‌ನಲ್ಲಿ ಕಾರ್ಖಾನೆಗಳು. 1946ರಲ್ಲಿ ಹೈದರಾಬಾದಿನಲ್ಲಿ ಬಿರ್ಲಾ ಗುಂಪಿನದು. ಚಾರ್ಮಿನಾರ್ ಶೀಟು ಅಂತ ನಮ್ಮ ಕಡೆ ಮನೆಮಾತಾದದ್ದು ಅಲ್ಲಿಂದ ಬಂದದ್ದು. ಅಲ್ಲಿ ಗೊತ್ತಾದ ಕೂಡಲೇ ಇಲ್ಲಿಗೆ ಬಂತು ಅಂತ ಹೇಳೋದು ಸುಲಭ. ಅಲ್ಲೂ ಇನ್ನು ಅರವತ್ತು ಎಪ್ಪತ್ತು ವರ್ಷ ಬಳಸುತ್ತಲೇ ಇದ್ದರು ಅನ್ನೋದೂ ನಿಜ. ಅಲ್ಲಿ ನಿಯಮವೂ ಇತ್ತು, ಇಲ್ಲಿ ಹೇಳೋರಿರಲಿಲ್ಲ, ವ್ಯತ್ಯಾಸ ಅಷ್ಟೇ.

ನಾರು ಎಲ್ಲಿಂದ ಬರುತ್ತಿತ್ತು? ಒಂದಷ್ಟು ನಮ್ಮ ಪಕ್ಕದಿಂದಲೇ. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿಯೂ ಇತ್ತು, ಕಡಪವೂ ಇತ್ತು. ಥಾಮಸ್ ಮನ್ರೋ ಎರಡಕ್ಕೂ ದೊರೆ. ಆ ಕಡಪದ ಪುಲಿವೆಂದುಲ ಹತ್ತಿರ ಬ್ರಾಹ್ಮಣಪಲ್ಲಿಯಲ್ಲಿ ಬಿಳಿ ಕಲ್ನಾರಿನ ಗಣಿಗಳಿದ್ದವು. ಸುಣ್ಣದಂಥ ಕಲ್ಲಿನೊಳಗೆ ಭೂಮಿಯಡಿಯಿಂದ ಬಿಸಿ ಲಾವಾ ನುಗ್ಗಿ, ಆ ಕಾವಿಗೆ ಕಲ್ಲೇ ನಾರಾದದ್ದು. ನಮ್ಮ ಹಳೇ ಮೈಸೂರಿನ ಹೊಳೆನರಸೀಪುರದ ಸುತ್ತಲೂ ಸಣ್ಣ ಪ್ರಮಾಣದಲ್ಲಿ ಸಿಗುತ್ತಿತ್ತು. 1986ರಲ್ಲಿ ಕೇಂದ್ರ ಸರಕಾರ ಕಲ್ನಾರಿಗೆ ಹೊಸ ಗಣಿ ಗುತ್ತಿಗೆ ಕೊಡೋದು ನಿಲ್ಲಿಸಿತು, 1993ರಲ್ಲಿ ಹಳೇದರ ನವೀಕರಣವನ್ನೂ. ಅಪಾಯ ಅಂತ ಗಣಿ ನಿಂತಿತು, ಶೀಟು ನಿಲ್ಲಲಿಲ್ಲ. ನಾರು ಕೆನಡಾದಿಂದ, ರಷ್ಯಾದಿಂದ, ಕಜಕಿಸ್ತಾನದಿಂದ ಬರತೊಡಗಿತು. ಕೆನಡಾದಲ್ಲಿ ಆಸ್ಬೆಸ್ಟಾಸ್ ಅನ್ನೋ ಹೆಸರಿನ ಊರೇ ಇತ್ತು. 2012ರಲ್ಲಿ ಗಣಿ ಮುಚ್ಚಿತು, 2020ರಲ್ಲಿ ಊರಿನವರು ಓಟು ಹಾಕಿ ಹೆಸರನ್ನೇ ಬದಲಾಯಿಸಿಕೊಂಡರು. ನಮ್ಮ ಮನೆ ಮೇಲಿನ ನಾರು ಯಾವ ದೇಶದ್ದೋ. ಶೀಟಿನ ಮೇಲಿನ ಅಚ್ಚು ಮಳೆಗೆ ತೊಳೆದುಹೋಗಿದೆ.

ಇಷ್ಟು ಓದುವಾಗ ಒಂದು ಕಡೆ ನಾನು ಬೆಚ್ಚಿದೆ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಜೊತೆಯವರು ಕೇಪ್ ಪ್ರಾಂತ್ಯದ ಉತ್ತರದಿಂದ ಒಂದು ವರದಿ ಬರೆದರು. ಶ್ವಾಸಕೋಶದ ಹೊರಪೊರೆಗೆ ಬರೋ ಅಪರೂಪದ ಕ್ಯಾನ್ಸರು, ಮೀಸೋಥೀಲಿಯೋಮಾ. ಅಲ್ಲಿ 33 ಜನಕ್ಕೆ. ಹೆಚ್ಚುಕಡಿಮೆ ಎಲ್ಲರಿಗೂ ನೀಲಿ ಕಲ್ನಾರಿನ ನಂಟು. ಆದರೆ ಅವರಲ್ಲಿ ಎಷ್ಟೋ ಜನ ಗಣಿಯೊಳಗೆ ಕಾಲಿಟ್ಟವರೇ ಅಲ್ಲ. ಗಣಿ ಪಕ್ಕದ ಊರಲ್ಲಿ ಬೆಳೆದವರು, ಚಿಕ್ಕವರಿದ್ದಾಗ ಅದರ ಧೂಳಲ್ಲಿ ಓಡಾಡಿದವರು. ಬೆಚ್ಚಿದ್ದು ಅದಕ್ಕಲ್ಲ. ಆ ನೀಲಿ ನಾರು ಹುಟ್ಟಿದ ಕಲ್ಲಿನ ವಿವರಣೆ ಓದಿ. ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಬೆಣಚು, ಮತ್ತೆ ಕಬ್ಬಿಣ, ಮತ್ತೆ ಬೆಣಚು. ಇದು ನಮ್ಮ ಸಂಡೂರು ಗುಡ್ಡದ ಕಲ್ಲು! ಸುಮಾರು 270 ಕೋಟಿ ವರ್ಷ ಹಳೇದು. ನಾವು ಚಿಕ್ಕವರಿದ್ದಾಗ ಇದನ್ನೇ ಆರಿಸಿಕೊಂಡು ಬಂದು, ಸಣ್ಣದಾಗಿದ್ದರೂ ಎಷ್ಟು ಭಾರ ನೋಡು ಅಂತ ಒಬ್ಬರ ಕೈಗೆ ಒಬ್ಬರು ಕೊಡುತ್ತಿದ್ದೆವು.

ಗಾಬರಿ ಬೇಡ, ಸಂಡೂರಿನಲ್ಲಿ ನೀಲಿ ನಾರಿನ ಗಣಿಗಾರಿಕೆ ನಡೆದದ್ದಿಲ್ಲ. ಇಲ್ಲಿಯದು ಕಬ್ಬಿಣ ಮತ್ತು ಮ್ಯಾಂಗನೀಸ್. 1895ರಲ್ಲೇ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ದೊಡ್ಡ ಗ್ರಂಥ ಬರೆದಿದ್ದ. ಆದರೆ ಕಬ್ಬಿಣದ ಪಟ್ಟೆ ಪಕ್ಕದಲ್ಲಿ ಇನ್ನೊಂದು ಪಟ್ಟೆ ಇದೆಯಲ್ಲ, ಬೆಣಚು, ಅದು ಸಿಲಿಕಾ. ಕಬ್ಬಿಣದ ಕೆಂಪು ಧೂಳು ಶ್ವಾಸಕೋಶವನ್ನು ಕೆಂಪಾಗಿಸುತ್ತೆ, ಅಷ್ಟರಿಂದಲೇ ದೊಡ್ಡ ಹಾನಿ ಕಡಿಮೆ ಅನ್ನುತ್ತಾರೆ. ಸಿಲಿಕಾ ಹಾಗಲ್ಲ. ಕಲ್ನಾರಿನ ಹಾಗೆಯೇ ಕೋಶವನ್ನು ಕೊಂದು ಕಲೆ ಬಿಡುತ್ತೆ. ಅದು ಸಿಲಿಕೋಸಿಸ್. ಅದಿದ್ದವರಿಗೆ ಟಿಬಿ ಬರೋ ಸಾಧ್ಯತೆಯೂ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇದು ಹಳೇ ರೋಗ. 1556ರಲ್ಲಿ, ತಾಳಿಕೋಟೆ ಯುದ್ಧಕ್ಕೆ ಒಂಬತ್ತು ವರ್ಷ ಮುಂಚೆ, ಹಂಪಿಯಲ್ಲಿ ಅಳಿಯ ರಾಮರಾಯನ ಕಾರುಬಾರು ನಡೆದಿದ್ದಾಗ, ಜರ್ಮನಿಯ ಅಗ್ರಿಕೋಲಾ ಗಣಿಗಾರಿಕೆ ಬಗ್ಗೆ ಬರೆದ ಪುಸ್ತಕ ಅಚ್ಚಾಯಿತು. ಕಾರ್ಪೇಥಿಯನ್ ಬೆಟ್ಟಗಳ ಗಣಿ ಊರುಗಳಲ್ಲಿ ಏಳೇಳು ಗಂಡಂದಿರನ್ನು ಮದುವೆಯಾದ ಹೆಂಗಸರಿದ್ದಾರೆ ಅಂತ ಅದರಲ್ಲಿ ಬರೆದಿದ್ದಾನೆ. ಒಬ್ಬೊಬ್ಬರನ್ನೇ ಧೂಳು ತಿಂದಿತ್ತು. ವಿಜಯ ವಿಠ್ಠಲ ಗುಡಿಯ ಕಂಬಗಳಿಗೆ ಉಳಿ ಹಿಡಿದವರೂ ಇದೇ ಕಲ್ಲಿನ ಧೂಳನ್ನು ಕುಡಿದಿರಬೇಕು. ಹಂಪಿಯ ಶಾಸನಗಳ ಬಗ್ಗೆ ನಾನು ಓದಿದ್ದರಲ್ಲಿ ದತ್ತಿ ಇದೆ, ದಾನ ಇದೆ, ಸುಂಕ ಇದೆ. ಕೆಮ್ಮು ಎಲ್ಲೂ ಸಿಕ್ಕಿಲ್ಲ. 1700ರಲ್ಲಿ ಇಟಲಿಯ ರಾಮಾಝಿನಿ ಅನ್ನೋ ವೈದ್ಯ ಕೆಲಸಗಾರರ ರೋಗಗಳ ಬಗ್ಗೆಯೇ ಪುಸ್ತಕ ಬರೆದ. ರೋಗಿಗೆ ಕೇಳೋ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿ ಅಂತ ವೈದ್ಯರಿಗೆ ಹೇಳಿದ: ನಿನ್ನ ಕೆಲಸ ಏನು? ಈ ಪ್ರಶ್ನೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ನಮ್ಮ ನಾಡಿನಲ್ಲೇ ಇದರ ಲೆಕ್ಕ ಸಿಕ್ಕಿದ್ದು ಕೋಲಾರದಲ್ಲಿ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಅಲ್ಲಿಂದ, 1947ರಲ್ಲಿ. ಚಿನ್ನದ ಗಣಿಯಲ್ಲಿ ಪರೀಕ್ಷೆ ಮಾಡಿದ 7,600ಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಜನಕ್ಕೆ ರೋಗ. ಚಿನ್ನ ಇರೋದು ಬೆಣಚಿನ ಪಟ್ಟೆಯೊಳಗೆ, ಅದನ್ನು ಒಣಗಲಲ್ಲಿ ಕೊರೆದರೆ ಬರೋದು ಶುದ್ಧ ಸಿಲಿಕಾ. ಕೋಲಾರದಲ್ಲಿ ಕನಿಷ್ಠ ಒಂದು ಕಂಪನಿ ಇತ್ತು, ಹಾಜರಿ ಪುಸ್ತಕ ಇತ್ತು, ಆಸ್ಪತ್ರೆ ಇತ್ತು, ಎಕ್ಸ್‌ರೇ ಇತ್ತು. ಎಣಿಸೋಕೆ ಜನರಾದರೂ ಸಿಕ್ಕರು.

ಈಗ ನಮ್ಮ ಮಾವನ ವಿಷಯ. ಅವ್ವನ ತಮ್ಮ. ಸಂಡೂರು ತಾಲೂಕಿನ ಒಂದು ಹಳ್ಳಿ. ಎರಡು ಎಕರೆ ಒಣಭೂಮಿ, ಜೋಳ, ಶೇಂಗಾ. 2003ರ ಆಚೆ ಚೀನಾದವರು ಕಬ್ಬಿಣದ ಅದಿರಿಗೆ ಮುಗಿಬಿದ್ದರು, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅಂತ ನಮ್ಮೂರಲ್ಲಿ ಹೇಳುತ್ತಿದ್ದರು. ದೊಡ್ಡ ಗಣಿಗಳ ಕತೆ ನಿಮಗೆ ಗೊತ್ತು, ಪೇಪರಿನಲ್ಲಿ ಓದಿದ್ದೀರಿ. ಸಣ್ಣದು ಬೇರೆ ಇತ್ತು. ಗುಡ್ಡದಿಂದ ಸಾವಿರಾರು ವರ್ಷ ಉರುಳಿ ಬಂದು ಹೊಲದ ಮೇಲ್ಮಣ್ಣಿನಲ್ಲಿ ಸೇರಿದ ಅದಿರು, ಅದನ್ನು ಫ್ಲೋಟ್ ಓರ್ ಅನ್ನುತ್ತಿದ್ದರು. ಹೊಸಪೇಟೆ, ಸಂಡೂರು ಸುತ್ತ ಪಟ್ಟಾ ಜಮೀನನ್ನೇ ಗುದ್ದಲಿ, ಹಾರೆಯಲ್ಲಿ ಬಗೆದರು. ಗಂಡಸರು ಅಗೆಯೋದು, ಹೆಂಗಸರು ಮಕ್ಕಳು ಸುತ್ತಿಗೆಯಿಂದ ಒಡೆಯೋದು, ಜರಡಿ ಹಿಡಿಯೋದು, ಪುಟ್ಟಿಯಲ್ಲಿ ಹೊತ್ತು ಲಾರಿ ತುಂಬೋದು. ಮಾವ 2004ರಿಂದ 2010ರವರೆಗೆ ಬೇರೆಯವರ ಹೊಲದಲ್ಲಿ ಈ ಕೆಲಸ ಮಾಡಿದ. ಅತ್ತೆಯೂ ಮಾಡಿದಳು. ಮೂಗಿಗೆ ಒಂದು ಟವಲ್ಲು. ಒಳ್ಳೆ ರೊಕ್ಕ ಬಂತು, ಸುಳ್ಳು ಹೇಳಬಾರದು. ಟಿವಿ ಬಂತು, ಹೀರೋ ಹೋಂಡಾ ಬಂತು. ನನ್ನ ಬಿಇ ಎರಡನೇ ವರ್ಷದ ಹಾಸ್ಟೆಲ್ ಫೀಸು ಕಟ್ಟಿದ್ದು ಮಾವ, ಆ ರೊಕ್ಕದಲ್ಲೇ.

ಆ ವರ್ಷಗಳ ಹೊಸಪೇಟೆ ನೋಡಿದವರಿಗೆ ಹೇಳಬೇಕಾದ್ದಿಲ್ಲ. ಗಿಡದ ಎಲೆ ಕೆಂಪು, ನಾಯಿ ಕೆಂಪು, ಶಾಲೆಯ ಬಿಳಿ ಅಂಗಿ ಶನಿವಾರಕ್ಕೆ ಇಟ್ಟಂಗಿ ಬಣ್ಣ. ಲಾರಿ ಸಾಲು ತುದಿ ಮೊದಲು ಕಾಣುತ್ತಿರಲಿಲ್ಲ. ಕಂಪ್ಲಿಯಲ್ಲಿದ್ದ ನಮ್ಮ ಅಕ್ಕ ಮಾತ್ರ "ನಮ್ಮಲ್ಲಿ ರೈಸ್ ಮಿಲ್ ಬೂದಿ, ನಿಮ್ಮಲ್ಲಿ ಅದಿರು, ಯಾವುದು ಬೇಕು ಆರಿಸ್ಕೋ" ಅಂತ ನಗುತ್ತಿದ್ದಳು.

2011 ವಿಚಿತ್ರ ವರ್ಷ. ಜನವರಿಯಲ್ಲಿ ಕಲ್ನಾರಿನ ಮೇಲೆ ನಿಷೇಧ ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು ವಜಾ ಮಾಡಿತು. ಜೂನ್‌ನಲ್ಲಿ ಜಿನೀವಾದ ರಾಟರ್‌ಡ್ಯಾಮ್ ಒಪ್ಪಂದದ ಸಭೆಯಲ್ಲಿ, ಬಿಳಿ ಕಲ್ನಾರನ್ನು ಅಪಾಯಕಾರಿ ಪಟ್ಟಿಗೆ ಸೇರಿಸೋಕೆ ಭಾರತ ಒಪ್ಪಿತು. ಎರಡು ವರ್ಷಕ್ಕೆ ಮತ್ತೆ ಹಿಂದೆ ಸರಿಯಿತು. ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಎರಡನೇ ವರದಿ ಬಂತು, ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ. ಜುಲೈ 29ಕ್ಕೆ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟು ನಿಲ್ಲಿಸಿತು. ಅದೇ ತಿಂಗಳ ಕೊನೆಗೆ ಹಂಪಿಯ ಬಜಾರಿನ ಮಂಟಪಗಳಲ್ಲಿ ಸಂಸಾರ ಮಾಡಿಕೊಂಡಿದ್ದವರ ಅಂಗಡಿ, ಮನೆ ಬುಲ್ಡೋಜರಿಗೆ ಹೋದವು, ಕಡ್ಡಿರಾಂಪುರದ ಕಡೆ ಹೋಗಿ ಅಂದರು. ಲಾರಿ ನಿಂತವು. ಒಂದು ಮಳೆಗಾಲ ಕಳೆದದ್ದೇ ತಡ, ಬೇವಿನ ಎಲೆ ಹಸಿರಾಗಿ ಕಂಡಿತು. ನಮಗೆ ಅದೇ ದೊಡ್ಡ ಸುದ್ದಿ.

16,085 ಕೋಟಿ ಎಲ್ಲರ ಬಾಯಲ್ಲಿದೆ. ಟನ್ ಲೆಕ್ಕ, ಪರ್ಮಿಟ್ ಲೆಕ್ಕ, ಬೇಲೆಕೇರಿ ಬಂದರಿನಿಂದ ಕಾಣೆಯಾದ ಅದಿರಿನ ಲೆಕ್ಕ, ಎಲ್ಲಕ್ಕೂ ಕೋರ್ಟು, ಕಡತ ಇವೆ. ಮಾವನಂಥವರು ಎಷ್ಟು ಜನ ಇದ್ದರು ಅನ್ನೋದಕ್ಕೆ ಯಾವ ಕಡತ?

2016ರಲ್ಲಿ ಮಾವನಿಗೆ ಕೆಮ್ಮು ಶುರು. ಒಂದು ಆಸ್ಪತ್ರೆಯಲ್ಲಿ ಟಿಬಿ ಅಂದರು. ಕಫದಲ್ಲಿ ಏನೂ ಕಾಣಲಿಲ್ಲ, ಆದರೂ ಆರು ತಿಂಗಳು ಮಾತ್ರೆ. ಕಡಿಮೆ ಆಗಲಿಲ್ಲ. ಇನ್ನೊಂದು ಕಡೆ ಮತ್ತೆ ಆರು ತಿಂಗಳು. ಬೀಡಿ ಬಿಡು ಅಂದರು, ಬಿಟ್ಟ. 2019ರಲ್ಲಿ ನಾನು ಬೆಂಗಳೂರಿಗೆ ಕರೆಸಿದೆ. ವಯಸ್ಸಾದ ಡಾಕ್ಟರೊಬ್ಬರು ಎಕ್ಸ್‌ರೇ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, "ಯಜಮಾನ್ರೇ, ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಿದರು. ಮೂರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವರು. ರಾಮಾಝಿನಿ ಬರೆದು 319 ವರ್ಷ ಆಗಿತ್ತು. ಮಾವ ಹೇಳಿದ. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದು ಸಿಲಿಕೋಸಿಸ್ ಥರ ಕಾಣುತ್ತೆ, ಕಲೆ ವಾಪಸು ಹೋಗಲ್ಲ, ಇನ್ನಷ್ಟು ಆಗದ ಹಾಗೆ ನೋಡಿಕೊಳ್ಳಬೇಕು ಅಂದರು.

ಕಾನೂನು ಇಲ್ಲ ಅಂತಲ್ಲ. ಸಿಲಿಕೋಸಿಸ್, ಆಸ್ಬೆಸ್ಟೋಸಿಸ್ ಎರಡೂ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿದ್ದವು, ಕಂಡ ವೈದ್ಯರು ವರದಿ ಮಾಡಲೇಬೇಕಿತ್ತು. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ದೊಡ್ಡ ತೀರ್ಪು ಕೊಟ್ಟಿತು: ಆರೋಗ್ಯ ಕಾರ್ಮಿಕನ ಮೂಲಭೂತ ಹಕ್ಕು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತೋ ಅಲ್ಲಿಯವರೆಗೆ ಇಡಬೇಕು. ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆ ರೋಗ ಇದೆ ಅಂತ ದೃಢಪಡಿಸಿದರೆ ಒಂದು ಲಕ್ಷ ಪರಿಹಾರ. ಆ 40 ವರ್ಷ ಅನ್ನೋದನ್ನು ಓದಿದಾಗ ಬರೆದ ನ್ಯಾಯಾಧೀಶರಿಗೆ ಈ ರೋಗ ಅರ್ಥವಾಗಿತ್ತು ಅನ್ನಿಸಿತು. ಲಾಗ್ ಅಳಿಸಬೇಡಿ ಅಂತ ಹೇಳಿದ್ದು ಅವರು.

ಮಾವನಿಗೆ ಲಾಗೇ ಇಲ್ಲ. ಹಾಜರಿ ಇಲ್ಲ, ಚೀಟಿ ಇಲ್ಲ, ಸಂಬಳ ಶನಿವಾರ ಕೈಗೆ. ಹೊಲದ ಮಾಲೀಕನ ಹತ್ತಿರ ಹೋಗಿ ಕೇಳಿದೆವು. ಮನೆಯೊಳಗೆ ಕರೆದು ಚಹಾ ಕೊಟ್ಟ. "ಯಾರ್‍ಯಾರು ಕೆಲಸಕ್ಕೆ ಬಂದಿದ್ರು ಯಾರಿಗೆ ನೆನಪಿರುತ್ತ ತಮ್ಮಾ" ಅಂದ. ಅವನಿಗೂ ಕೆಮ್ಮು ಇತ್ತು. ರಾಜಸ್ಥಾನದವರು 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗೆ ಅಂತಲೇ ನೀತಿ ಮಾಡಿದರು, ಕಲ್ಲು ಗಣಿಯವರಿಗೆ ಪರಿಹಾರ, ಪಿಂಚಣಿ. 2015ರಿಂದ ಗಣಿ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬರುತ್ತೆ, ಅದನ್ನು ಗಣಿಯಿಂದ ತೊಂದರೆಯಾದವರಿಗೇ ಖರ್ಚು ಮಾಡಬೇಕು. ಒಂದು ಎಕ್ಸ್‌ರೇ ವ್ಯಾನು, ಕೇಳೋಕೆ ಗೊತ್ತಿರೋ ಒಬ್ಬ ಡಾಕ್ಟರು, ಫ್ಲೋಟ್ ಓರ್ ಬಗೆದ ಊರುಗಳಿಗೆ ವರ್ಷಕ್ಕೊಂದು ಸಲ ಹೋಗಿಬಂದರೆ ಸಾಕು. 2004ಕ್ಕೆ ಇಪ್ಪತ್ತು ಸೇರಿಸಿ ನೋಡಿ. ಮೂವತ್ತು ಸೇರಿಸಿ ನೋಡಿ. ಅವತ್ತು ಜರಡಿ ಹಿಡಿದ ಹತ್ತು ವರ್ಷದ ಹುಡುಗಿಗೆ ಈಗ ನನ್ನ ತಂಗಿಯ ವಯಸ್ಸು.

ಶೀಟಿನ ವಿಷಯಕ್ಕೆ ವಾಪಸು ಬರ್ತೀನಿ. ಅಪ್ಪ ಹೇಳಿದ್ದು ಅರ್ಧ ಸರಿ. ಮುರಿಯದ, ಕೊರೆಯದ ಶೀಟಿನ ಕೆಳಗೆ ಮಲಗಿದ್ದಕ್ಕೆ ಆಗೋ ಅಪಾಯ ಕಡಿಮೆ, ನಾರು ಸಿಮೆಂಟಿನಲ್ಲಿ ಸಿಕ್ಕಿಕೊಂಡಿರುತ್ತೆ. ಅಪಾಯ ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ. ಅಂದರೆ ಅಪಾಯ ನಮಗಿಂತ ಗೌಂಡಿಗೆ, ಅವನು ವರ್ಷಕ್ಕೆ ಎಷ್ಟು ಮನೆ ಕೊಯ್ಯುತ್ತಾನೋ. ಅವತ್ತು ಮಷಿನ್ ನಿಲ್ಲಿಸಿ, ಶೀಟಿಗೆಲ್ಲ ಪೈಪಿನಿಂದ ನೀರು ಹೊಡೆದು, ಬೋಲ್ಟು ಬಿಚ್ಚಿ, ಗೋಡೆಯನ್ನೇ ಒಂದು ಗೇಣು ಕಿತ್ತು ಇಡೀ ಶೀಟಾಗಿಯೇ ಇಳಿಸಿದೆವು. ಕೊರೋನಾ ಕಾಲದ ಎನ್95 ಮಾಸ್ಕು ಪೆಟ್ಟಿಗೆಯಲ್ಲಿ ಉಳಿದಿತ್ತು, ಎಲ್ಲರಿಗೂ ಹಾಕಿಸಿದೆ. ಗೌಂಡಿ ಹತ್ತು ನಿಮಿಷಕ್ಕೆ ಕೆಳಗೆ ಜಾರಿಸಿಕೊಂಡ. ನಾನು ಮತ್ತೆ ಹೇಳಿದೆ, ಮತ್ತೆ ಏರಿಸಿಕೊಂಡ. ಗೋಡೆ ಕಿತ್ತದ್ದಕ್ಕೆ ಅಪ್ಪ ಎರಡು ದಿನ ಮಾತಾಡಲಿಲ್ಲ.

ಇಳಿಸಿದ್ದು ಸರಿ, ಒಗೆಯೋದೆಲ್ಲಿ? ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯ ಹೂಳೋಕೆ ದಾಬಸ್‌ಪೇಟೆ ಹತ್ತಿರ ಘಟಕ ಇದೆ, ನಮ್ಮೂರಿಂದ ಹೆಚ್ಚುಕಡಿಮೆ 300 ಕಿಲೋಮೀಟರು. ಹನ್ನೆರಡು ಶೀಟು ಅಲ್ಲಿಗೆ ಒಯ್ಯೋರು ಯಾರು? ಪಂಚಾಯ್ತಿಯವರನ್ನು ಕೇಳಿದರೆ "ತಿಪ್ಪೆಗೆ ಹಾಕ್ರಿ" ಅಂದರು. ಎರಡನೇ ದಿನಕ್ಕೆ ಮಾವನ ಫೋನು.

"ಆ ಶೀಟು ಯಾರಿಗೂ ಕೊಡಬ್ಯಾಡ. ನಮ್ಮ ಎಮ್ಮಿ ಕೊಟ್ಟಿಗಿಗೆ ಬೇಕು."

ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತಗೊಂಡ. ನಾನು ನೆಲ್ಲಿ ಕರ್ಷಾ ಕತೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾರ ಹೊಸ ತಗಡಿಗೆ ರೊಕ್ಕ ಯಾರು ಕೊಡ್ತಾರ?" ಅಂದ. ಹಾಸ್ಟೆಲ್ ಫೀಸು ನೆನಪಾಯಿತು. ರೊಕ್ಕ ಕಳಿಸಿದೆ.

ಹನ್ನೆರಡೂ ಶೀಟು ನೀರು ಚಿಮುಕಿಸಿ, ದಪ್ಪ ಪ್ಲಾಸ್ಟಿಕ್ ಸುತ್ತಿ, ಟಾರ್ಪಲಿನ್ ಹೊದಿಸಿ, ಹಗ್ಗ ಬಿಗಿದು ಹಿತ್ತಲಲ್ಲಿ ಮಲಗಿಸಿ ಬಂದೆ. ಯಾರೂ ಮುಟ್ಟಬೇಡಿ ಅಂತ ಅಪ್ಪನಿಗೆ, ಅವ್ವನಿಗೆ, ಪಕ್ಕದ ಮನೆಯವರಿಗೂ ಹೇಳಿದೆ. ಮೊನ್ನೆ ಹೋದಾಗ ಟಾರ್ಪಲಿನ್ ಮೇಲೆ ಹಳೇ ಸೀರೆ ಹಾಸಿ ಅವ್ವ ಸಂಡಿಗೆ ಒಣಹಾಕಿದ್ದಳು.